ನಿಷೇಧಿತ ರಾಸಾಯನಿಕಗಳ ಪಟ್ಟಿ ಎಲ್ಲಿದೆ?

“ಸರ್, ನಿಷೇಧಿತ ರಾಸಾಯನಿಕಗಳ ಪಟ್ಟಿ ಇದ್ದರೆ ಕಳಿಸಿಬಿಡಿ, ನಮ್ಮ ಮಾಲು ಅದರಲ್ಲಿ ಇದೆಯೋ ಇಲ್ಲವೋ ನೋಡ್ಕೋತೀವಿ.” ಕಾರ್ಖಾನೆಯವರು, ರಫ್ತುದಾರರು, ವಿದ್ಯಾರ್ಥಿಗಳು ಎಲ್ಲರೂ ಕೇಳುವುದು ಇದನ್ನೇ. ಕ್ಲೋರಿನ್ ಪಟ್ಟಿಯಲ್ಲಿಲ್ಲ, ಹಾಗಾಗಿ ಅದು ರಾಸಾಯನಿಕ ಅಸ್ತ್ರವೇ ಅಲ್ಲ ಎಂದು ವಾದಿಸುವವರೂ ಇದ್ದಾರೆ. ಎಷ್ಟು ಸಲ ಹೇಳಿದರೂ ಇದು ತಲೆಗೆ ಇಳಿಯುವುದಿಲ್ಲವಾದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ರಾಸಾಯನಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅಂಥ ಪಟ್ಟಿ ಇಲ್ಲ. ಇರುವ ಪಟ್ಟಿ ಬೇರೆ ಕೆಲಸದ್ದು.

ಹೀಗೇಕೆ ಎಂದು ತಿಳಿಯಲು 1899ಕ್ಕೆ ಹೋಗಬೇಕು. ಆ ವರ್ಷ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ಸೇರಿದ ದೇಶಗಳು ವಿಷಾನಿಲ ಹರಡುವುದನ್ನೇ ಏಕೈಕ ಉದ್ದೇಶವಾಗಿಟ್ಟುಕೊಂಡ ಸಿಡಿಗುಂಡುಗಳನ್ನು ಬಳಸುವುದಿಲ್ಲವೆಂದು ಘೋಷಿಸಿದವು. ‘ಸಿಡಿಗುಂಡು’ ಎಂಬ ಆ ಒಂದು ಪದ ಮುಂದೆ ಕೈಕೊಟ್ಟಿತು. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನ್ನು ಸಿಡಿಗುಂಡಿನಲ್ಲಿ ಹಾರಿಸಲಿಲ್ಲ; ಕಂದಕದಲ್ಲಿ ಹೂತಿಟ್ಟಿದ್ದ 5,700ಕ್ಕೂ ಹೆಚ್ಚು ಸಿಲಿಂಡರ್‌ಗಳ ವಾಲ್ವ್ ತಿರುಗಿಸಿತು. ಗಾಳಿ ಅನುಕೂಲವಾಗಲೆಂದು ದಿನಗಟ್ಟಲೆ ಕಾದಿದ್ದರು. ಸುಮಾರು 6 ಕಿ.ಮೀ. ಉದ್ದಕ್ಕೆ ಹಳದಿ ಹಸಿರು ಮೋಡ ನೆಲ ತಬ್ಬಿಕೊಂಡು ಹೊರಟಿತು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಹೀಗಾಗಿ ಗುಂಡಿನಿಂದ ಉಳಿಯಲು ಕಂದಕದ ತಳದಲ್ಲಿ ಮಲಗಿದವರಿಗೇ ಹೆಚ್ಚು ಹಾನಿಯಾಯಿತು, ಮೇಲೆದ್ದು ನಿಂತವರಿಗೆ ಕಡಿಮೆ. ನಾಲ್ಕು ದಿನಗಳ ಬಳಿಕ ಅದೇ ರಣರಂಗದಲ್ಲಿ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಕೂಡ ಅನಿಲಕ್ಕೆ ಸಿಕ್ಕಿತು. ಅಂದು ಜಮಾದಾರ್ ಮೀರ್ ದಸ್ತ್ ತೋರಿದ ಧೈರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಬಂತು. ಸೆಪ್ಟೆಂಬರ್‌ನಲ್ಲಿ ಲೂಸ್‌ನಲ್ಲಿ ಬ್ರಿಟಿಷರು ಬಿಟ್ಟ ಕ್ಲೋರಿನ್ ಕೆಲವೆಡೆ ಅವರ ಮೇಲೆಯೇ ತಿರುಗಿತು. ಗಾಳಿಗೆ ಯಾವ ಸೇನಾಪತಿಯ ಆಜ್ಞೆಯೂ ತಾಗುವುದಿಲ್ಲ.

1925ರ ಜಿನೀವಾ ಪ್ರೋಟೊಕಾಲ್ ಯುದ್ಧದಲ್ಲಿ ವಿಷಾನಿಲ ಬಳಸಬಾರದು ಎಂದಿತು. ಆದರೆ ತಯಾರಿಸಬಾರದು, ಸಂಗ್ರಹಿಸಬಾರದು ಎನ್ನಲಿಲ್ಲ. ‘ಶತ್ರು ಮೊದಲು ಬಳಸಿದರೆ ನಾವೂ ಬಳಸುತ್ತೇವೆ’ ಎಂಬ ಷರತ್ತಿನೊಂದಿಗೆ ಸಹಿ ಹಾಕಿದ ದೇಶಗಳು ಹಲವು. ಇಥಿಯೋಪಿಯಾದಲ್ಲಿ ಇಟಲಿ, ಇರಾನ್ ಮೇಲೆ ಇರಾಕ್, 1988ರಲ್ಲಿ ಇರಾಕಿನದೇ ಕುರ್ದ್ ಪಟ್ಟಣ ಹಲಬ್ಜಾ: ಈ ಪ್ರೋಟೊಕಾಲ್ ಜಾರಿಯಲ್ಲಿದ್ದಾಗಲೇ ಇವೆಲ್ಲ ನಡೆದವು.

1993ರಲ್ಲಿ ಸಹಿಗೆ ತೆರೆದು 1997ರ ಏಪ್ರಿಲ್ 29ರಂದು ಜಾರಿಯಾದ ರಾಸಾಯನಿಕ ಅಸ್ತ್ರ ಒಪ್ಪಂದವನ್ನು ಬರೆದವರು ಈ ಪಾಠ ಮರೆಯಲಿಲ್ಲ. ಅವರು ವಸ್ತುವನ್ನು ಹಿಡಿಯಲಿಲ್ಲ, ಉದ್ದೇಶವನ್ನು ಹಿಡಿದರು. ಎರಡನೇ ವಿಧಿಯ ತಿರುಳು ಇಷ್ಟು: ಯಾವುದೇ ವಿಷಕಾರಿ ರಾಸಾಯನಿಕ, ಅದನ್ನು ತಯಾರಿಸುವ ಕಚ್ಚಾ ರಾಸಾಯನಿಕ ಎಲ್ಲವೂ ಅಸ್ತ್ರವೇ. ಕೈಗಾರಿಕೆ, ಕೃಷಿ, ಸಂಶೋಧನೆ, ಔಷಧಿಯಂಥ ಅನುಮತಿಸಿದ ಉದ್ದೇಶಕ್ಕೆ ಇಟ್ಟಿದ್ದರೆ ಮಾತ್ರ ಅಲ್ಲ. ಅದೂ ಬಗೆ ಮತ್ತು ಪ್ರಮಾಣ ಆ ಉದ್ದೇಶಕ್ಕೆ ಹೊಂದಿದ್ದರೆ. ನೀರು ಶುದ್ಧೀಕರಣ ಘಟಕದಲ್ಲಿರುವ 900 ಕೆ.ಜಿ.ಯ ಕ್ಲೋರಿನ್ ಟನ್ನರ್ (ದೊಡ್ಡ ಸಿಲಿಂಡರ್) ಅಸ್ತ್ರವಲ್ಲ. ಹೆಲಿಕಾಪ್ಟರ್‌ನಿಂದ ಊರಿನ ಮೇಲೆ ಬೀಳಿಸಿದ ಕ್ಲೋರಿನ್ ಸಿಲಿಂಡರ್ ಅಸ್ತ್ರ. 2018ರ ಫೆಬ್ರವರಿಯಲ್ಲಿ ಸಿರಿಯಾದ ಸರಾಕಿಬ್‌ನಲ್ಲಿ ಹೀಗೆಯೇ ಆಯಿತೆಂದು ನಂಬಲು ಸಕಾರಣವಿದೆ ಎಂದು ಹೇಗ್‌ನ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ತನಿಖಾ ತಂಡ 2021ರಲ್ಲಿ ಹೇಳಿತು. ಪಟ್ಟಿಯಲ್ಲಿ ಕ್ಲೋರಿನ್ ಅಂದೂ ಇರಲಿಲ್ಲ, ಇಂದೂ ಇಲ್ಲ. 2018ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಬಳಕೆಯಾದ ನೊವಿಚೋಕ್ ಎಂಬ ನರವಿಷಗಳ ವರ್ಗ ಪಟ್ಟಿ ಸೇರಿದ್ದು 2020ರ ಜೂನ್‌ನಲ್ಲಿ. ಹಾಗೆಂದು 2018ರಲ್ಲಿ ಅದಕ್ಕೆ ಅನುಮತಿ ಇತ್ತೆಂದಲ್ಲ. ಅಶ್ರುವಾಯುವಿನ ಲೆಕ್ಕವೂ ಇದೇ: ಗಲಭೆ ನಿಯಂತ್ರಿಸಲು ಪೊಲೀಸರು ಬಳಸಬಹುದು, ಯುದ್ಧದ ತಂತ್ರವಾಗಿ ಸೈನಿಕರು ಬಳಸುವಂತಿಲ್ಲ.

ಹಾಗಾದರೆ ಒಪ್ಪಂದದಲ್ಲಿರುವ ಪಟ್ಟಿ, ಅಂದರೆ ಮೂರು ಷೆಡ್ಯೂಲ್‌ಗಳು ಯಾತಕ್ಕೆ? ಯಾರು ಏನನ್ನು ವರದಿ ಮಾಡಬೇಕು, ತನಿಖಾಧಿಕಾರಿಗಳು ಎಲ್ಲಿಗೆ ಬರುತ್ತಾರೆ ಎಂದು ಗೊತ್ತುಮಾಡಲು. ಒಂದನೆಯದರಲ್ಲಿ ಯುದ್ಧವಿಷಗಳಾದ ಸರಿನ್, ಮಸ್ಟರ್ಡ್‌ಗಳ ಜೊತೆ ಹರಳು ಬೀಜದ ರಿಸಿನ್ ಕೂಡ ಇದೆ. ಇಡೀ ದೇಶಕ್ಕೆ ಒಟ್ಟು ಮಿತಿ 1 ಟನ್. ಎರಡನೆಯದರಲ್ಲಿ ವಸ್ತುವನ್ನು ನೋಡಿ 1 ಕೆ.ಜಿ., 100 ಕೆ.ಜಿ. ಅಥವಾ 1 ಟನ್ ದಾಟಿದರೆ ಘೋಷಣೆ. ಇಲ್ಲಿ ಉತ್ಪಾದನೆಯಷ್ಟೇ ಅಲ್ಲ, ಸಂಸ್ಕರಣೆ, ಬಳಕೆಯೂ ಲೆಕ್ಕಕ್ಕೆ ಬರುತ್ತದೆ. ಮೂರನೆಯದರಲ್ಲಿ ಉತ್ಪಾದನೆ ವರ್ಷಕ್ಕೆ 30 ಟನ್ ದಾಟಿದರೆ. ಶಾಂಪೂ, ಸಿಮೆಂಟ್ ಉದ್ಯಮದವರಿಗೆ ಪರಿಚಿತವಾದ ಟ್ರೈಇಥನೊಲಮೈನ್ ಈ ಮೂರನೆಯದರಲ್ಲೇ ಇದೆ. ಕೊಂಡು ಬಳಸುವವರು ಇಲ್ಲಿ ಘೋಷಿಸಬೇಕಿಲ್ಲ, ತಯಾರಿಸುವವರು ಘೋಷಿಸಬೇಕು.

ಎಡವುವುದು ಸಾಮಾನ್ಯವಾಗಿ ಕ್ಯಾಲೆಂಡರ್‌ನಲ್ಲಿ. ಒಪ್ಪಂದದ ವರ್ಷ ಜನವರಿಯಿಂದ ಡಿಸೆಂಬರ್. ನಮ್ಮ ಲೆಕ್ಕಪತ್ರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಷೆಡ್ಯೂಲ್ 3ರ ಘಟಕವೊಂದು 2021ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 15 ಟನ್, 2022ರ ಮೊದಲ ತ್ರೈಮಾಸಿಕದಲ್ಲಿ 12 ಟನ್, ಆ ವರ್ಷದ ಉಳಿದ ಮೂರರಲ್ಲಿ ತಲಾ 7 ಟನ್, 2023ರ ಮೊದಲ ತ್ರೈಮಾಸಿಕದಲ್ಲಿ 6 ಟನ್ ತಯಾರಿಸಿದೆ ಎಂದುಕೊಳ್ಳಿ. ಆಡಿಟರ್ ಕೊಟ್ಟ ಹಾಳೆಯಲ್ಲಿ ಎರಡೂ ಹಣಕಾಸು ವರ್ಷಕ್ಕೆ 27 ಟನ್; ಎಲ್ಲರೂ ನೆಮ್ಮದಿ. ಕ್ಯಾಲೆಂಡರ್ ವರ್ಷ 2022ಕ್ಕೆ ಕೂಡಿದರೆ 33 ಟನ್. ಘೋಷಣೆ ಕಡ್ಡಾಯವಿತ್ತು, ಮಾಡಿಲ್ಲ. ಭಾರತದಲ್ಲಿ ಇದಕ್ಕೆ 2000ದ ರಾಸಾಯನಿಕ ಅಸ್ತ್ರ ಒಪ್ಪಂದ ಕಾಯ್ದೆಯೇ ಇದೆ. ‘ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ನಡೆಯುವುದು ಕಷ್ಟ.

ರಫ್ತುದಾರರ ತಪ್ಪು ಬೇರೆ ಥರದ್ದು. ಸಹಿ ಹಾಕಿದವರ ಯಾದಿಯಲ್ಲಿ ಇಸ್ರೇಲ್ ಹೆಸರು ನೋಡಿ ಸುಮ್ಮನಾಗುತ್ತಾರೆ. ಇಸ್ರೇಲ್ ಸಹಿ ಹಾಕಿದೆ, ಅನುಮೋದಿಸಿಲ್ಲ; ಆದ್ದರಿಂದ ಸದಸ್ಯ ದೇಶವಲ್ಲ. ಈಜಿಪ್ಟ್ ಸಹಿಯನ್ನೇ ಹಾಕಿಲ್ಲ. ಸದಸ್ಯರಲ್ಲದ ದೇಶಗಳಿಗೆ ಷೆಡ್ಯೂಲ್ 2ರ ಸರಕು ಕಳಿಸುವುದು 2000ದಿಂದ ನಿಂತಿದೆ, ಷೆಡ್ಯೂಲ್ 3ಕ್ಕೆ ಅಂತಿಮ ಬಳಕೆಯ ಪ್ರಮಾಣಪತ್ರ ಬೇಕು. ಮಿಶ್ರಣಗಳಿಗೆ ಸಾಂದ್ರತೆ ನೋಡಿ ವಿನಾಯಿತಿಗಳಿವೆ. ಅವನ್ನು ಊಹೆಯ ಮೇಲೆ ಅನ್ವಯಿಸಿಕೊಳ್ಳಬೇಡಿ.

ಆದ್ದರಿಂದ ಪ್ರಶ್ನೆ ಕಳಿಸುವಾಗ ‘ಇದು ನಿಷೇಧಿತವೇ?’ ಎಂದಷ್ಟೇ ಬರೆಯಬೇಡಿ, ಡಬ್ಬದ ಮೇಲಿನ ವ್ಯಾಪಾರಿ ಹೆಸರನ್ನೂ ನೆಚ್ಚಬೇಡಿ. ಸಿಎಎಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ), ಮಿಶ್ರಣವಾದರೆ ಶೇಕಡಾವಾರು, ಜನವರಿಯಿಂದ ಡಿಸೆಂಬರ್‌ವರೆಗಿನ ತೂಕ, ಕೊಳ್ಳುವವರ ದೇಶ, ಅವರು ಅದನ್ನು ಏತಕ್ಕೆ ಬಳಸುತ್ತಾರೆ ಎಂಬ ಲಿಖಿತ ಹೇಳಿಕೆ: ಈ ಐದು ಕೈಗೆ ಬಂದ ಮೇಲೆ ಮಾತಾಡೋಣ.