ಹಳೆ ಕಾರಿನ ಹಿಂಭಾಗ ಭಾರಕ್ಕೆ ಕೂರುತ್ತಿದೆ, ಪ್ಲೇಟು ಜಾಸ್ತಿ ಹಾಕಿಸಿದರೆ ಸಾಕಾ?

ಪ್ರಶ್ನೆ: ನನ್ನ ಹತ್ತಿರ ಲೀಫ್ ಸ್ಪ್ರಿಂಗಿನ (ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿನ) ಹಳೆ ಕಾರಿದೆ. ಹಿಂದೆ ಜನ ಕೂತು ಡಿಕ್ಕಿ ತುಂಬಿದರೆ ಹಿಂಭಾಗ ಪೂರ್ತಿ ಇಳಿದುಬಿಡುತ್ತದೆ. ಗುಂಡಿ ಬಂದರೆ ಧಡ್ ಅಂತ ಬಡಿಯುತ್ತದೆ. ಒಂದೆರಡು ಪ್ಲೇಟು ಸೇರಿಸಿದರೆ ಸರಿಹೋಗುತ್ತಾ?

ಉತ್ತರ: ಹೋಗಬಹುದು. ಆದರೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ಸ್ಪ್ರಿಂಗ್ ಭಾರ ಹಾಕಿದಾಗ ಕೂರುತ್ತಿದೆಯೋ, ಖಾಲಿ ಇದ್ದಾಗಲೇ ಕೂತುಬಿಟ್ಟಿದೆಯೋ?

ವರ್ಷಗಟ್ಟಲೆ ದುಡಿದ ಪ್ಲೇಟುಗಳು ಕಮಾನು ಕಳೆದುಕೊಂಡು ಚಪ್ಪಟೆಯಾಗುತ್ತವೆ. ಆದರೆ ಅವುಗಳ ಗಡಸು (ಭಾರಕ್ಕೆ ಬಗ್ಗದೆ ತಡೆಯುವ ಗುಣ) ಹೆಚ್ಚುಕಮ್ಮಿ ಹಾಗೇ ಉಳಿದಿರುತ್ತದೆ. ಇಂಥ ಸ್ಪ್ರಿಂಗಿಗೆ ಸುಮ್ನೆ ಪ್ಲೇಟು ಸೇರಿಸಿದರೆ ಎತ್ತರ ಬರುತ್ತದೆ, ಜೊತೆಗೆ ಬೇಡದ ಒರಟುತನವೂ ಬರುತ್ತದೆ. ಅದಕ್ಕೆ ಬೇಕಿದ್ದದ್ದು ಕಮಾನು ಮಾತ್ರ.

ಸಮತಟ್ಟು ನೆಲದಲ್ಲಿ ಖಾಲಿ ಕಾರು ನಿಲ್ಲಿಸಿ. ಹಿಂದಿನ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ, ಆ ಮಾದರಿಯ ಸರ್ವಿಸ್ ಪುಸ್ತಕದ ಎತ್ತರದ ಜೊತೆ ಹೋಲಿಸಿ. ಆಮೇಲೆ ಹಿಂದಿನ ಆಕ್ಸಲ್ಲಿನ (ಎರಡು ಚಕ್ರಗಳನ್ನು ಜೋಡಿಸುವ ದಂಡದ) ನೇರಕ್ಕೆ 100 ಕೆಜಿ ಇಟ್ಟು ಎಷ್ಟು ಇಳಿಯಿತು ನೋಡಿ. 40 ಮಿಮೀ ಇಳಿದರೆ 200 ಕೆಜಿಗೆ ಸುಮಾರು 80 ಮಿಮೀ ಇಳಿಯುತ್ತದೆ. ಬಂಪ್ ಸ್ಟಾಪಿಗೆ (ಆಕ್ಸಲ್ ಮೇಲೆ ಬಂದು ಬಡಿಯದಂತೆ ತಡೆಯುವ ರಬ್ಬರ್ ತುಂಡಿಗೆ) ಅಷ್ಟು ಜಾಗ ಇಲ್ಲದಿದ್ದರೆ ಆ ಧಡ್ ಶಬ್ದ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಯಿತಲ್ವಾ.

ಡಿಕ್ಕಿಯ ಸಾಮಾನಿನ ವಿಷಯದಲ್ಲಿ ತುಂಬ ಜನ ಮರೆಯುವುದೊಂದಿದೆ. ಎರಡು ಆಕ್ಸಲ್ಲುಗಳ ನಡುವೆ 2.4 ಮೀಟರ್ ಇರುವ ಕಾರಿನಲ್ಲಿ, ಹಿಂದಿನ ಆಕ್ಸಲ್ಲಿಗಿಂತ 0.8 ಮೀಟರ್ ಹಿಂದೆ 100 ಕೆಜಿ ಇಟ್ಟರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು ಸುಮಾರು 133 ಕೆಜಿ. ಮುಂದೆ 33 ಕೆಜಿ ಹಗುರವಾಗುತ್ತದೆ, ಸ್ಟೇರಿಂಗ್ ತೇಲಿದಂತಾಗುತ್ತದೆ. ಭಾರದ ಸಾಮಾನನ್ನು ಹಿಂದಿನ ಸೀಟಿಗೆ ಒತ್ತಿ ಇಟ್ಟರೇ ಅರ್ಧ ತೊಂದರೆ ತಪ್ಪುತ್ತದೆ.

ಎತ್ತರ ಕಮ್ಮಿ ಇದ್ದರೆ ಸೆಟ್ ಬಿಚ್ಚಿಸಿ. ಮೇಲಿನ ಪ್ಲೇಟಿನ ಅಡಿಯಲ್ಲಿ, ಕೆಳಗಿನ ಪ್ಲೇಟಿನ ತುದಿ ಉಜ್ಜಿದ ಕಡೆ ಬೆರಳಾಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಆ ಪ್ಲೇಟು ಅಲ್ಲಿಂದಲೇ ಮುರಿಯುವುದು. ಅದನ್ನು ಮತ್ತೆ ಬಗ್ಗಿಸಿ ಹಾಕಿಸಬೇಡಿ, ಹೊಸದು ತನ್ನಿ. ಚೆನ್ನಾಗಿದ್ದರೆ ಕಮಾನು ಕೊಡಿಸಿ ಹದ ಮಾಡಿಸಬಹುದು.

ಎತ್ತರ ಸರಿಯಿದ್ದೂ ಭಾರಕ್ಕೆ ಕೂರುತ್ತದೆ ಅಂದರೆ ಆಗ ಗಡಸು ಹೆಚ್ಚಿಸಿ. ಅದೇ ಕಾರಿನ ಎಸ್ಟೇಟ್ (ಹಿಂದೆ ಸಾಮಾನಿಗೆ ಉದ್ದ ಜಾಗ ಇರುವ) ಅಥವಾ ವ್ಯಾನ್ ಮಾದರಿ ಇತ್ತಾ ವಿಚಾರಿಸಿ. ಅದರ ಸ್ಪ್ರಿಂಗ್ ಹೊಂದಿಕೊಂಡರೆ ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ, ಕಂಪನಿಯೇ ಲೆಕ್ಕ ಹಾಕಿ ಮಾಡಿದ್ದು. ಭಾರ ಆಗೊಮ್ಮೆ ಈಗೊಮ್ಮೆ ಮಾತ್ರ ಅಂದರೆ ಕೆಳಗೆ ಒಂದು ಚಪ್ಪಟೆ ಹೆಲ್ಪರ್ ಪ್ಲೇಟು ಸಾಕು. ಸ್ಪ್ರಿಂಗ್ ಬಗ್ಗಿದಾಗಷ್ಟೇ ಅದು ಕೆಲಸಕ್ಕೆ ಇಳಿಯುತ್ತದೆ. ದಪ್ಪ ಪ್ಲೇಟು ಹಾಕಿಸುವಾಗ ಹುಷಾರಾಗಿರಿ: 6 ಮಿಮೀ ಬದಲು 7 ಮಿಮೀ ಹಾಕಿದರೆ ಆ ಪ್ಲೇಟಿನ ಗಡಸು ಸುಮಾರು 59 ಶೇಕಡಾ ಏರುತ್ತದೆ. ಹಿಂಭಾಗ ಅತಿ ಗಡಸಾದರೆ ಖಾಲಿ ಕಾರು ಒದ್ದೆ ತಿರುವಿನಲ್ಲಿ ಹಿಂದಿನಿಂದ ಜಾರುತ್ತದೆ.

ಗಾಳಿ ತುಂಬುವ ಶಾಕ್ ಅಬ್ಸಾರ್ಬರ್ ಹಾಕಿಸಿ ಎತ್ತುವುದನ್ನು ನಾನು ಒಪ್ಪುವುದಿಲ್ಲ. ಶಾಕಿನ ಮೌಂಟಿಂಗ್ ಇರುವುದು ಕುಲುಕಾಟ ತಡೆಯೋಕೆ, ಕಾರು ಹೊರೋಕೆ ಅಲ್ಲ. ಹಳೆಯ ತಗಡು ಅಲ್ಲಿ ಬಿರುಕು ಬಿಡುತ್ತದೆ. ಹಳೆ ಬ್ರಿಟಿಷ್ ಕಾರುಗಳಾದ ಎಂಜಿಬಿ, ಮೋರಿಸ್ ಮೈನರ್‌ಗಳಂತೆ ತೋಳಿನ ಶಾಕ್ (ಕೊಳವೆಯ ಬದಲು ಒಂದು ತೋಳು ಆಡುವ ಹಳೆ ನಮೂನೆ) ಇದ್ದರೆ, ಗಡಸು ಸ್ಪ್ರಿಂಗಿನ ಪುಟಿತ ತಡೆಯುವ ಶಕ್ತಿ ಅದಕ್ಕಿದೆಯಾ ಅಂತಲೂ ನೋಡಿಸಿ.

ಸ್ಪ್ರಿಂಗ್ ಗಟ್ಟಿಯಾಯಿತು ಅಂತ ಕಾರಿನ ಒಟ್ಟು ಭಾರದ ಮಿತಿ ಏರುವುದಿಲ್ಲ. ಬ್ರೇಕು, ಬೇರಿಂಗು, ರಿಮ್ಮು ಎಲ್ಲ ಹಳೆಯವೇ ಅಲ್ವಾ. ಟೈರಿನ ಮೇಲೆ 82 ಅಂತ ಲೋಡ್ ಸಂಖ್ಯೆ ಇದ್ದರೆ ಅದು ಹೊರುವುದು 475 ಕೆಜಿ, 88 ಇದ್ದರೆ 560.

ಜೋಡಿಸುವಾಗ ಸ್ಪ್ರಿಂಗನ್ನು ಆಕ್ಸಲ್ಲಿಗೆ ಹಿಡಿದಿಡುವ ಯು ಬೋಲ್ಟುಗಳನ್ನು ಹೊಸದೇ ಹಾಕಿಸಿ. ರಬ್ಬರ್ ಬುಷ್ (ಬೋಲ್ಟಿನ ಸುತ್ತಲಿನ ರಬ್ಬರ್ ಬಳೆ) ಇರುವ ಬೋಲ್ಟುಗಳನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ ಬಿಗಿಸಬೇಕು. ಜ್ಯಾಕ್ ಮೇಲೆ ತೂಗಾಡುತ್ತಿರುವಾಗ ಬಿಗಿಸಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಹಿಂಭಾಗದ ಎತ್ತರ ಬದಲಾದ ಮೇಲೆ ಹೆಡ್‌ಲೈಟ್ ಹೊಂದಿಸಿ. ಸ್ವಲ್ಪ ದಿನ ಓಡಿಸಿ ಯು ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿಸಿ.