ಗೋಡೋ ಬರಲ್ಲ ಅಂತ ಗೊತ್ತು, ಮತ್ತೆ ನಾಟಕದಲ್ಲಿ ನೋಡೋದೇನು?

ಓದುಗರ ಪ್ರಶ್ನೆ: ‘ವೇಟಿಂಗ್ ಫಾರ್ ಗೋಡೋ’ ಮತ್ತೆ ರಂಗಕ್ಕೆ ಬಂದಿದೆ, ಟಿಕೆಟ್ ತಗೊಂಡಿದ್ದೇನೆ. ಗೋಡೋ ಕೊನೆಗೂ ಬರಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ನೋಡೋದೇನು? ನನಗೆ ಅರ್ಥ ಆಗುತ್ತಾ?

ಖಂಡಿತ ಆಗುತ್ತೆ. ಗೋಡೋ ಯಾರು ಅನ್ನುವ ಪ್ರಶ್ನೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ದೇವರಾ, ಸಾವಾ ಅಂತ ಜನ 1953ರ ಪ್ಯಾರಿಸ್ ಪ್ರದರ್ಶನದಿಂದಲೂ ಕೇಳುತ್ತಲೇ ಇದ್ದಾರೆ. ಬರೆದ ಸ್ಯಾಮುಯೆಲ್ ಬೆಕೆಟ್ ಅವರನ್ನೇ ಕೇಳಿದಾಗ, ಗೊತ್ತಿದ್ದರೆ ನಾಟಕದಲ್ಲೇ ಹೇಳಿರುತ್ತಿದ್ದೆ ಅಂದುಬಿಟ್ಟರು.

ನೋಡಬೇಕಾದ್ದು ಗೋಡೋಗಾಗಿ ಕಾಯುತ್ತಿರುವ ಇಬ್ಬರನ್ನು, ಎಸ್ಟ್ರಗಾನ್ ಮತ್ತು ವ್ಲಾಡಿಮಿರ್‌ನನ್ನು. ಒಂದು ರಸ್ತೆ, ಒಂದು ಬೋಳು ಮರ, ಸಂಜೆ ಹೊತ್ತು. ಎಸ್ಟ್ರಗಾನ್‌ಗೆ ಎಷ್ಟು ಎಳೆದರೂ ಬೂಟು ಕಾಲಿಂದ ಬರಲ್ಲ. ವ್ಲಾಡಿಮಿರ್ ಟೋಪಿ ತೆಗೆದು ಒಳಗೆ ಇಣುಕುತ್ತಾನೆ. ಕ್ಯಾರೆಟ್ ತಿನ್ನುತ್ತಾರೆ, ಜಗಳ ಆಡುತ್ತಾರೆ, ಅಪ್ಪಿಕೊಳ್ಳುತ್ತಾರೆ, ನೇಣು ಹಾಕಿಕೊಳ್ಳೋಣವಾ ಅಂತಲೂ ಯೋಚಿಸುತ್ತಾರೆ, ಅದಕ್ಕೆಂದು ಸೊಂಟದ ಹಗ್ಗ ಬಿಚ್ಚಿದರೆ ಪ್ಯಾಂಟೇ ಜಾರಿ ಬೀಳುತ್ತೆ. ನಗು ಬಂದರೆ ನಗಿ, ದೊಡ್ಡ ಸಾಹಿತ್ಯ ಅಂತ ಗಂಭೀರವಾಗಿ ಕೂರಬೇಡಿ. ಅವರು ನಗಿಸಬೇಕು ಅಂತಲೇ ಬೆಕೆಟ್ ಹಾಗೆ ಬರೆದಿದ್ದಾರೆ.

ಮಧ್ಯೆ ಪೋಜೋ ಅನ್ನುವವನು ತನ್ನ ಆಳು ಲಕ್ಕಿಯ ಕುತ್ತಿಗೆಗೆ ಹಗ್ಗ ಕಟ್ಟಿಕೊಂಡು ಬರುತ್ತಾನೆ. ಲಕ್ಕಿಯದ್ದು ಒಂದು ಉದ್ದದ ಮಾತಿದೆ, ಎಲ್ಲೂ ನಿಲ್ಲಲ್ಲ. ಹೊಸಬರು ಎದೆಗುಂದುವುದು ಇಲ್ಲೇ. ಅದರ ಅರ್ಥ ಹುಡುಕುತ್ತಾ ಕೂತರೆ ನಾಟಕ ಕೈತಪ್ಪುತ್ತೆ. ಅದನ್ನು ಕೇಳುತ್ತಾ ಉಳಿದ ಮೂವರು ಹೇಗೆ ಒದ್ದಾಡುತ್ತಾರೆ, ಕೊನೆಗೆ ಟೋಪಿ ಕಿತ್ತುಕೊಂಡೇ ಹೇಗೆ ಅವನ ಬಾಯಿ ಮುಚ್ಚಿಸುತ್ತಾರೆ, ಅದನ್ನು ನೋಡಿ.

ಅರ್ಥ ಆಗಲ್ಲ ಅನ್ನುವ ಭಯ ಹಳೆಯದು. 1956ರಲ್ಲಿ ಮಯಾಮಿಯಲ್ಲಿ ಇದನ್ನು ಭರ್ಜರಿ ನಗೆನಾಟಕ ಅಂತ ಜಾಹೀರಾತು ಮಾಡಿದರು, ಬಂದವರಲ್ಲಿ ಎಷ್ಟೋ ಜನ ಅರ್ಧಕ್ಕೇ ಎದ್ದು ಹೋದರು. ಮರುವರ್ಷ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಸುಮಾರು 1,400 ಕೈದಿಗಳ ಮುಂದೆ ಆಡಿದಾಗ ಅವರು ಅಲುಗಾಡದೆ ನೋಡಿದರು. ಯಾರೂ ಅವರಿಗೆ ವಿವರಿಸಿ ಹೇಳಬೇಕಾಗಲಿಲ್ಲ. ಕಾಯುವುದು ಅಂದರೇನು ಅಂತ ಅವರಿಗಿಂತ ಜಾಸ್ತಿ ಯಾರಿಗೆ ಗೊತ್ತಿರುತ್ತೆ? 1993ರಲ್ಲಿ ಯುದ್ಧದ ಮುತ್ತಿಗೆಯೊಳಗಿದ್ದ ಬೋಸ್ನಿಯಾದ ಸರಾಯೆವೋದಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟ್ಯಾಗ್ ಇದೇ ನಾಟಕವನ್ನು ಮೇಣದಬತ್ತಿ ಬೆಳಕಲ್ಲಿ ಆಡಿಸಿದರು.

ಮರುಪ್ರಯೋಗಗಳ ಸೊಗಸು ನನ್ನ ಪ್ರಕಾರ ಇರುವುದು ಜೋಡಿಯಲ್ಲಿ. 2009ರಲ್ಲಿ ಲಂಡನ್ನಿನಲ್ಲಿ ನಟರಾದ ಇಯಾನ್ ಮೆಕೆಲನ್, ಪ್ಯಾಟ್ರಿಕ್ ಸ್ಟೂವರ್ಟ್ ಈ ಜೋಡಿಯ ಪಾತ್ರ ಮಾಡಿದಾಗ ಇಬ್ಬರಿಗೂ ಎಪ್ಪತ್ತರ ಹತ್ತಿರ ವಯಸ್ಸು. 2025ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ ಹಾಲಿವುಡ್ ನಟರಾದ ಕಿಯಾನು ರೀವ್ಸ್ ಮತ್ತು ಅಲೆಕ್ಸ್ ವಿಂಟರ್ ಮಾಡಿದರು, ಅವರದ್ದು 1980ರ ದಶಕದಿಂದ ಬಂದ ಗೆಳೆತನ. ಅಲ್ಲಿ ರಸ್ತೆ, ಮರದ ಬದಲು ದೊಡ್ಡದೊಂದು ಸುರಂಗವೇ ರಂಗಸಜ್ಜಿಕೆ. ನೀವು ನೋಡುವ ತಂಡದಲ್ಲೂ ಮೊದಲು ಇದನ್ನೇ ಗಮನಿಸಿ: ಈ ಇಬ್ಬರು ನಿಜವಾಗಿ ಬಹಳ ಕಾಲ ಜೊತೆಗಿದ್ದವರ ಹಾಗೆ ಕಾಣುತ್ತಾರಾ?

ಮೊದಲೇ ಓದಿಕೊಂಡು ಹೋಗಬೇಕಾಗಿಲ್ಲ. ಮುಂದಿನ ಸಾಲುಗಳಲ್ಲಿ ಸೀಟು ಸಿಕ್ಕರೆ ಒಳ್ಳೆಯದು, ಮುಖ ಕಾಣಬೇಕು. ಇಂಟರ್ವಲ್‌ನಲ್ಲಿ ಮಾತ್ರ ಎದ್ದು ಬರಬೇಡಿ. ಎರಡನೇ ಅಂಕದಲ್ಲಿ ಮರಕ್ಕೆ ಎಲೆ ಬಂದಿರುತ್ತೆ, ಪೋಜೋ ಕುರುಡನಾಗಿರುತ್ತಾನೆ, ಮೊದಲು ನಕ್ಕ ಎಷ್ಟೋ ಮಾತುಗಳು ಆಗ ಹೊಟ್ಟೆಯಲ್ಲಿ ಬೇರೆ ಥರ ಇಳಿಯುತ್ತವೆ.