ಬೀಚಿಗೆ ಪ್ರವಾಸಿಗರು ಬಂದರೆ ಮೀನುಗಾರರಿಗೂ ಲಾಭ ಅಲ್ವಾ?

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಇಷ್ಟು ಚಂದದ ಕಡಲತೀರ ಖಾಲಿ ಬಿದ್ದಿದೆ. ರೆಸಾರ್ಟು, ವಾಟರ್ ಸ್ಪೋರ್ಟ್ಸ್ ಬಂದರೆ ಮೀನುಗಾರರ ಮಕ್ಕಳಿಗೇ ಕೆಲಸ ಸಿಗುತ್ತದೆ ಅಲ್ವಾ? ಮತ್ತೆ ಅವರೇ ಯಾಕೆ ಬೇಡ ಅನ್ನುತ್ತಾರೆ?

ಉತ್ತರ: ಲಾಭ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಓಡಿಸುವವರು, ಸೀಟಿ ಊದಿ ಜನರನ್ನು ದಡಕ್ಕೆ ಕರೆಯುವ ಜೀವರಕ್ಷಕರು, ಮುರ್ಡೇಶ್ವರದಿಂದ ನೇತ್ರಾಣಿ ಕಡೆಗೆ ಡೈವಿಂಗಿಗೆ ಕರೆದೊಯ್ಯುವ ದೋಣಿಯವರು, ಇವರಲ್ಲಿ ಎಷ್ಟೋ ಜನ ಮೀನುಗಾರರ ಮನೆಯವರೇ. ಕಡಲು ಗೊತ್ತಿರುವುದು ಅವರಿಗೇ ತಾನೆ. ಆದರೆ ನೀವು "ಖಾಲಿ ಬಿದ್ದಿದೆ" ಅಂದಿರಲ್ಲ, ತಕರಾರು ಶುರುವಾಗುವುದು ಅಲ್ಲಿಂದಲೇ.

ಕೈರಂಪಣಿ, ಅಂದರೆ ದಡದಲ್ಲಿ ನಿಂತೇ ಎಳೆಯುವ ಬಲೆ, ಎಳೆಯುವುದನ್ನು ನೋಡಿದ್ದೀರಾ? ಬಲೆಯ ಒಂದು ತುದಿಯ ಹಗ್ಗ ದಡದಲ್ಲಿರುತ್ತದೆ. ದೋಣಿ ಬಲೆ ಬಿಡುತ್ತಾ ಕಡಲಿಗೆ ಹೋಗಿ, ಅರ್ಧ ಸುತ್ತು ಹಾಕಿ, ತುಂಬಾ ದೂರದಲ್ಲಿ ಮತ್ತೆ ದಡಕ್ಕೆ ಬರುತ್ತದೆ. ಆಮೇಲೆ ಎರಡು ಗುಂಪು, ಎರಡು ಹಗ್ಗ. ಎಳೆಯುತ್ತಾ ಎಳೆಯುತ್ತಾ ಎರಡೂ ಗುಂಪಿನವರು ಒಬ್ಬರ ಹತ್ತಿರ ಒಬ್ಬರು ಸರಿಯುತ್ತಾರೆ, ಬಲೆಯ ಹೊಟ್ಟೆ ಮರಳಿಗೆ ತಾಗುವ ಹೊತ್ತಿಗೆ ಬುಟ್ಟಿ ಹಿಡಿದ ಹೆಂಗಸರೂ ಬಂದು ನಿಂತಿರುತ್ತಾರೆ. ಇಷ್ಟಕ್ಕೆಲ್ಲ ಉದ್ದಕ್ಕೂ ಅಡ್ಡಿಯಿಲ್ಲದ ಮರಳು ಬೇಕು. ನಡುವೆ ಒಂದು ಸಾಲು ಕುರ್ಚಿ, ಕೊಡೆ ಬಂದರೂ ಸಾಕು, ಅಲ್ಲಿ ಬಲೆ ಬಿಡುವ ಹಾಗಿಲ್ಲ. ಇದೇ ಥರದ ದೊಡ್ಡ ಬಲೆಯಾದ ರಂಪಣಿಗೆ 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳಿಂದಲೇ, ಅಂದರೆ ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟುಗಳಿಂದಲೇ, ಏಟು ಬಿತ್ತು. ಉಳಿದಿರುವುದು ಈ ಚಿಕ್ಕದು. ಬೆಳಗ್ಗೆ ಹತ್ತು ಗಂಟೆಗೆ ಪ್ರವಾಸಿಗರು ಬರುವ ಹೊತ್ತಿಗೆ ಇದೆಲ್ಲ ಮುಗಿದಿರುತ್ತದೆ, ಅವರ ಕಣ್ಣಿಗೆ ದಡ ಖಾಲಿ ಕಾಣುತ್ತದೆ.

ಮೀನು ಒಣಗಿಸುವ ಹೆಂಗಸರ ಕಥೆ ಇನ್ನೂ ಕಷ್ಟದ್ದು. ನಂಗು, ಸಿಗಡಿ, ಬಂಗುಡೆಗೆ ಉಪ್ಪು ಹಾಕಿ ಮರಳಿನ ಮೇಲೆ ಬಲೆ ಹಾಸಿ ಹರಡುತ್ತಾರೆ, ಕಾಗೆ-ನಾಯಿ ಓಡಿಸುತ್ತಾ ಕಾಯುತ್ತಾರೆ, ಸಂಜೆ ಇಬ್ಬನಿ ಬೀಳುವ ಮೊದಲು ಎತ್ತುತ್ತಾರೆ. ಈ ಕೆಲಸಕ್ಕೆ ಬೇಕಾದದ್ದು ಮಳೆ ನಿಂತ ಮೇಲಿನ ಒಳ್ಳೆ ಬಿಸಿಲು. ಪ್ರವಾಸಿಗರು ಬರುವುದೂ ಅದೇ ತಿಂಗಳುಗಳಲ್ಲಿ. ವಾಸನೆ ಅಂತ ಒಂದು ದೂರು ಹೋದರೆ ಮೊದಲು ಜಾಗ ಖಾಲಿ ಮಾಡಬೇಕಾದವರು ಈ ಹೆಂಗಸರು, ಯಾಕೆಂದರೆ ತಲೆಮಾರುಗಳಿಂದ ಅಲ್ಲೇ ಒಣಗಿಸುತ್ತಿದ್ದೇವೆ ಅನ್ನುವುದಕ್ಕೆ ಅವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ನನಗೆ ಇದರಷ್ಟು ಬೇಸರ ತರುವ ವಿಷಯ ಇನ್ನೊಂದಿಲ್ಲ. ಬೋಟಿನ ಕೆಲಸ ಹೋದ ಹುಡುಗನಿಗೆ ಜೆಟ್ ಸ್ಕೀ ಓಡಿಸುವ ಕೆಲಸ ಸಿಗಬಹುದು. ಅವನ ಅಮ್ಮನಿಗೆ ಏನು ಸಿಗುತ್ತದೆ? ಹೆಚ್ಚೆಂದರೆ ರೆಸಾರ್ಟಿನಲ್ಲಿ ಗುಡಿಸಿ ಒರೆಸುವ ಕೆಲಸ. ನಿನ್ನೆವರೆಗೆ ತನ್ನ ಮಾಲಿಗೆ ತಾನೇ ರೇಟು ಹೇಳುತ್ತಿದ್ದವಳು ಅವಳು.

"ಮೀನಿಲ್ಲದ ಕಾಲದಲ್ಲಿ ಪ್ರವಾಸೋದ್ಯಮ ಕೈ ಹಿಡಿಯುತ್ತದೆ" ಅನ್ನುವ ಮಾತೂ ತುಂಬಾ ಕೇಳಿಬರುತ್ತದೆ. ತಿಂಗಳು ಲೆಕ್ಕ ಹಾಕಿ ನೋಡಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಿಷೇಧ. ಮನೆಯಲ್ಲಿ ದುಡ್ಡು ಬೇಕೇ ಬೇಕಾದ ಕಾಲ ಅದು. ಆಗಲೇ ಕಡಲು ಹುಚ್ಚೆದ್ದಿರುತ್ತದೆ, ದ್ವೀಪದ ಬೋಟು ಬಂದ್, ನೀರಿಗೆ ಇಳಿಯುವುದು ಬಂದ್. ಎರಡೂ ಆದಾಯ ಒಟ್ಟಿಗೇ ನಿಲ್ಲುತ್ತವೆ. ಆ ಎರಡು ತಿಂಗಳು ಮನೆ ನಡೆಯುವುದರಲ್ಲಿ ಬೇಸಿಗೆಯಲ್ಲಿ ಒಣಗಿಸಿ ಇಟ್ಟ ಆ ಮೀನಿನ ಪಾಲೂ ಇರುತ್ತದೆ.

ಇನ್ನು ಜಾಗದ ವಿಷಯ. ಗೋಕರ್ಣದ ಕುಡ್ಲೆ, ಓಂ ಬೀಚುಗಳಿಗೆ ಮೊದಮೊದಲು ವಿದೇಶಿಗರು ಬೆನ್ನಿಗೆ ಚೀಲ ಹಾಕಿಕೊಂಡು ಬರುತ್ತಿದ್ದಾಗ ಊರಿನವರೇ ಚಪ್ಪರ ಹಾಕಿ ಊಟ ಕೊಡುತ್ತಿದ್ದರು. ದುಡ್ಡು ಕಡಿಮೆ ಇತ್ತು, ಆದರೆ ಊರಲ್ಲೇ ಉಳಿಯುತ್ತಿತ್ತು. ವ್ಯವಹಾರ ದೊಡ್ಡದಾದಂತೆ ಜಮೀನಿನ ರೇಟು ಏರಿತು, ಹೊರಗಿನ ಬಂಡವಾಳ ಬಂತು. 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲಂತೂ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕಡಲಂಚಿನ ಎಷ್ಟೋ ಮೀನುಗಾರ ಕುಟುಂಬಗಳಿಗೆ ಮನೆಯ ಹಕ್ಕುಪತ್ರವೇ ಇಲ್ಲ. ಹೀಗಾಗಿ ರೇಟು ಏರಿದ್ದರ ಲಾಭವೂ ಅವರಿಗಿಲ್ಲ, ಎದ್ದು ಹೋಗಿ ಅನ್ನುವ ಭಯ ಮಾತ್ರ ಅವರದ್ದು.

ಹಾಗಾದರೆ ಕಾನೂನು? ಇದೆ, ಆದರೆ ಸಡಿಲವಾಗುತ್ತಾ ಬಂದಿದೆ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ, ಮೊದಲ ಅಧಿಸೂಚನೆ ಬಂದಾಗ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವ ಹಾಗಿರಲಿಲ್ಲ. 2019ರ ಅಧಿಸೂಚನೆಯಲ್ಲಿ, 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವ ಗ್ರಾಮೀಣ ಪ್ರದೇಶಗಳಲ್ಲಿ ಅದು 50 ಮೀಟರಿಗೆ ಇಳಿಯಿತು. ತಾತ್ಕಾಲಿಕ ಶ್ಯಾಕು (ಬೀಚಿನ ಗುಡಿಸಲು ಹೋಟೆಲು), ಬಟ್ಟೆ ಬದಲಿಸುವ ಕೋಣೆಯಂಥವನ್ನು ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟು ಹಾಕಬಹುದು. ಮಳೆಗಾಲದಲ್ಲಿ ದೋಣಿ ಮೇಲೆ ಎಳೆದಿಡುವುದು ಎಲ್ಲಿ ಅಂತ ನೀವೇ ಹೇಳಿ, ಆ 10 ಮೀಟರ್ ಆಚೆಯೇ.

ಅದೇ ಅಧಿಸೂಚನೆಯಲ್ಲಿ ಮೀನುಗಾರರ ಪರವಾದ ಅಂಶಗಳೂ ಇವೆ, ಅವು ಜನರಿಗೆ ಗೊತ್ತಿರುವುದು ಕಡಿಮೆ. ಇರುವ ಮನೆಯ ವಿಸ್ತೀರ್ಣ, ವಿನ್ಯಾಸ ಬದಲಿಸದೆ ಮೀನುಗಾರರು ಹೋಂಸ್ಟೇ ನಡೆಸಬಹುದು. ಎರಡು ಕೋಣೆಯಲ್ಲಿ ಅತಿಥಿಗಳನ್ನು ಇಟ್ಟುಕೊಂಡು ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಬಡಿಸುವ ಮನೆಗೆ ಸಾಲವೂ ತರಬೇತಿಯೂ ಸಿಕ್ಕರೆ ದುಡ್ಡು ಆ ಮನೆಗೇ ಹೋಗುತ್ತದೆ. ನನಗೆ ಬೇಕಾದ ಪ್ರವಾಸೋದ್ಯಮ ಇದು. 2020ರಲ್ಲಿ ನಮ್ಮ ಕಾಸರಕೋಡು, ಪಡುಬಿದ್ರಿ ಬೀಚುಗಳಿಗೆ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ ಸುರಕ್ಷಿತ ಬೀಚು ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ, ಬಂತು. ಶುಚಿಯಾದ ಶೌಚಾಲಯ, ಕುಡಿಯುವ ನೀರು, ಜೀವರಕ್ಷಕರು, ಎಲ್ಲ ಒಳ್ಳೆಯದೇ. ಅಷ್ಟೇ ಅಚ್ಚುಕಟ್ಟಾದ ಶೌಚಾಲಯ ದಕ್ಕೆಯಲ್ಲಿ, ಅಂದರೆ ಬೋಟಿನಿಂದ ಮೀನು ಇಳಿಸುವ ಕಟ್ಟೆಯಲ್ಲಿ, ದಿನವಿಡೀ ನಿಲ್ಲುವ ಹೆಂಗಸರಿಗೂ ಬೇಕು.

ಇನ್ನೊಂದು ಮುಖ್ಯ ವಿಷಯ. ಪ್ರತಿ ರಾಜ್ಯವೂ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆ ಮಾಡಬೇಕು. ಅದರಲ್ಲಿ ಮೀನುಗಾರರ ಊರು, ದಕ್ಕೆ, ಐಸ್ ಪ್ಲಾಂಟ್, ಮೀನು ಒಣಗಿಸುವ ಜಾಗ, ಎಲ್ಲವನ್ನೂ ಗುರುತಿಸಬೇಕು ಅಂತ ನಿಯಮವೇ ಹೇಳುತ್ತದೆ. ನಕ್ಷೆಯಲ್ಲಿ ಇಲ್ಲದ ಜಾಗವನ್ನು ಆಮೇಲೆ ನಮ್ಮದು ಅನ್ನುವುದು ಬಹಳ ಕಷ್ಟ. ನಿಮ್ಮೂರಿನ ನಕ್ಷೆ ತೆಗೆಸಿ ನೋಡಿ. ಒಣಗಿಸುವ ಜಾಗ, ಬಲೆ ಎಳೆಯುವ ದಡ ಬಿಟ್ಟುಹೋಗಿದ್ದರೆ ಪಂಚಾಯತಿಯಿಂದ, ಮೀನುಗಾರರ ಸಂಘದಿಂದ ಬರವಣಿಗೆಯಲ್ಲೇ ಆಕ್ಷೇಪ ಕೊಡಿಸಿ. ಈ ನಿಯಮಗಳ ಪಾಲನೆ ನೋಡಿಕೊಳ್ಳಲು ಜಿಲ್ಲಾಧಿಕಾರಿ ನೇತೃತ್ವದಲ್ಲಿರುವ ಜಿಲ್ಲಾ ಮಟ್ಟದ ಸಮಿತಿಯಲ್ಲಿ ಕರಾವಳಿಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು. ನಿಮ್ಮ ಜಿಲ್ಲೆಯಲ್ಲಿ ಆ ಮೂವರು ಯಾರು ಅಂತ ಕೇಳಿ, ಅವರಲ್ಲಿ ಮೀನು ಒಣಗಿಸುವ ಒಬ್ಬ ಹೆಂಗಸಾದರೂ ಇದ್ದಾರಾ ಅಂತಲೂ ಕೇಳಿ.